ಹೊಳೆದಂಡೆಯ ಪ್ಲಾಸ್ಟಿಕ್ಕು, ಹಸನು ಮಾಡುವ ಕೈಗಳು

ಸಂಕ್ರಮಣದ ದಿನ ಹೊಳಿ ಜಳಕಕ್ಕೆ ಹೋಗುವುದು ನಮ್ಮ ಕಡೆ ಹಿಂದಿನಿಂದ ಬಂದ ರೂಢಿ. ಎಳ್ಳು, ಅರಿಶಿನ ಅರೆದು ಮೈಗೆ ಹಚ್ಚಿಕೊಂಡು ಮಿಂದು, ದಂಡೆಯ ಮೇಲೆ ಚಾದರ ಹಾಸಿ, ಸಜ್ಜಿರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ, ಮಾದ್ಲಿಯ ಗಂಟು ಬಿಚ್ಚಿದರೆ ಆ ಊಟದ ರುಚಿಯೇ ಬೇರೆ. ಇಂಡಿ, ಸಿಂದಗಿ ಸೀಮೆಯವರಿಗೆ ಭೀಮಾ ಹೊಳೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯವರಿಗೆ ಕೃಷ್ಣಾ ಹೊಳೆ. ನಾವು ಚಿಕ್ಕವರಿದ್ದಾಗ ಊಟ ಮುಗಿಸಿ ಎದ್ದರೆ ದಂಡೆಯ ಮೇಲೆ ಉಳಿಯುತ್ತಿದ್ದುದು ಮುತ್ತಲ ಎಲೆಯ ಪತ್ರಾವಳಿ ಮಾತ್ರ. ಅದನ್ನು ದನ ಮೂಸುತ್ತಿದ್ದವು, ಉಳಿದದ್ದು ಮಣ್ಣಾಗುತ್ತಿತ್ತು. ಈಗ ಉಳಿಯುವುದು ನೀರಿನ ಬಾಟಲಿ, ಶಾಂಪೂ ಚೀಟಿ, ಚಿಪ್ಸಿನ ಪಾಕೀಟು, ತೆಳ್ಳನೆಯ ಕ್ಯಾರಿಬ್ಯಾಗು.

“ನಮಗೂ ಸಮುದ್ರಕ್ಕೂ ಏನ್ರಿ ಸಂಬಂಧ?” ಎಂದು ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಸಮುದ್ರ ನೋಡದೇ ಜೀವ ಸವೆಸಿದ ಅಜ್ಜಿಯರು ಎಷ್ಟೋ ಜನ. ಆದರೆ ಭೂಪಟ ತೆಗೆದು ಬೆರಳಿಟ್ಟು ನೋಡಿ. ಭೀಮಾ ಹೊಳೆ ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ ಆಂಧ್ರದ ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಬಿಟ್ಟುಬಂದ ಚೀಟಿ ಎಲ್ಲವೂ ಅಲ್ಲಿತನಕ ಹೋಗುವುದಿಲ್ಲ, ನಿಜ. ನಡುವೆ ಆಲಮಟ್ಟಿಯಿಂದ ಹಿಡಿದು ಸಾಲು ಸಾಲು ಅಣೆಕಟ್ಟುಗಳಿವೆ. ಒಂದಿಷ್ಟು ಹಿನ್ನೀರಿನ ಕೆಸರಿನಲ್ಲಿ, ಒಂದಿಷ್ಟು ಜಾಲಿಕಂಟಿಯಲ್ಲಿ, ಒಂದಿಷ್ಟು ಮೀನುಗಾರರ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಗೇಟು ತೆರೆದಾಗ ಮಾತ್ರ ಮತ್ತೆ ಪ್ರಯಾಣ. 2010ನೇ ಒಂದೇ ವರ್ಷದಲ್ಲಿ ಜಗತ್ತಿನ ಕರಾವಳಿ ದೇಶಗಳಿಂದ 48 ಲಕ್ಷದಿಂದ 1 ಕೋಟಿ 27 ಲಕ್ಷ ಟನ್‌ವರೆಗೆ ಪ್ಲಾಸ್ಟಿಕ್ ಕಸ ಸಮುದ್ರ ಸೇರಿರಬೇಕೆಂದು ವಿಜ್ಞಾನಿಗಳು 2015ರಲ್ಲಿ ಅಂದಾಜು ಮಾಡಿದರು. ಸಮುದ್ರಕ್ಕೆ ಕಸ ಒಯ್ಯುವ ದಾರಿಗಳಲ್ಲಿ ನದಿಗಳದೇ ದೊಡ್ಡ ಪಾಲು.

ಸಮುದ್ರದಿಂದಲೋ ಹೊಳೆಯಿಂದಲೋ ಈ ಕಸವನ್ನು ಮೇಲೆ ತಂದಮೇಲೆ ಏನು ಮಾಡುತ್ತಾರೆ? ಬಲೆ ಹಾಕಿ ಎತ್ತುವ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಎತ್ತಿದ ರಾಶಿಯ ಮುಂದೆ ಕುಳಿತು ಒಂದೊಂದನ್ನೇ ಕೈಯಿಂದ ಆರಿಸುವವರ ಚಿತ್ರ ಬರುವುದು ಕಡಿಮೆ. ಆ ಕೈಗಳು ಬಹುಪಾಲು ಹೆಣ್ಣುಮಕ್ಕಳವು. ನನಗೆ ಇದು ಗೊತ್ತಾದದ್ದು ನಮ್ಮ ಮನೆಯಿಂದಲೇ.

ಭಂಗಾರದ ಕೆಲಸ

ಈಗ ಪಂಚಾಯಿತಿಗಳಲ್ಲಿ ‘ಸ್ವಚ್ಛ ಸಂಕೀರ್ಣ’ ಎಂಬ ಕಸದ ಶೆಡ್ಡುಗಳಾಗಿವೆಯಲ್ಲ, ಎಷ್ಟೋ ಕಡೆ ಅವನ್ನು ನಡೆಸುವುದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ನನ್ನ ನೆಗೆಣ್ಣಿ ಅಂಥದೊಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ದೊಡ್ಡ ಮಾತುಕತೆಯೇ ಆಯಿತು. “ಮಂದಿ ಮನಿ ಕಸಾ ಆರಸಾಕ ಹೋಗ್ತಿಯೇನ?” ಎಂದು ಅತ್ತೆ ಎರಡು ದಿನ ಮಾತು ಬಿಟ್ಟರು. ನಮ್ಮ ಕಡೆ ಹಳೇ ಸಾಮಾನಿಗೆ ‘ಭಂಗಾರ’ ಎನ್ನುತ್ತೇವೆ. ನೆಗೆಣ್ಣಿ ನಗುತ್ತ, “ಅತ್ತೀ, ನಾ ಭಂಗಾರದ ಅಂಗಡ್ಯಾಗ ಕೆಲಸಕ್ಕ ಹೊಂಟೀನಿ ಅಂತ ಹೇಳ್ರಿ, ಯಾರಿಗೂ ತಿಳಿಯೂದಿಲ್ಲ” ಎಂದಳು. ಅತ್ತೆಗೂ ನಗು ತಡೆಯಲಾಗಲಿಲ್ಲ.

ಒಂದು ಮಧ್ಯಾಹ್ನ ಬುತ್ತಿ ಕೊಡುವ ನೆಪದಲ್ಲಿ ನಾನೂ ಹೋಗಿ ನೋಡಿದೆ. ನಾಲ್ಕು ಜನ ನೆಲದ ಮೇಲೆ ಕುಳಿತು ರಾಶಿ ಹರವಿಕೊಂಡಿದ್ದರು. ಬಾಟಲಿ ಒಂದು ಕಡೆ, ಮುಚ್ಚಳ ಒಂದು ಕಡೆ, ಹಾಲಿನ ಪಾಕೀಟು ಒಂದು ಕಡೆ, ಎಣ್ಣೆಯ ಕ್ಯಾನು ಮತ್ತೊಂದು ಕಡೆ. “ಎಲ್ಲಾ ಪ್ಲಾಸ್ಟಿಕ್ಕ ಅಲ್ಲೇನ, ಒಂದ ಚೀಲದಾಗ ತುಂಬಿದ್ರ ಏನಾಗ್ತೈತಿ?” ಎಂದೆ. “ಯಕ್ಕಾ, ಜ್ವಾಳಾ, ಗೋಧಿ, ಕಡ್ಲಿ ಎಲ್ಲಾ ಕೂಡಿಸಿ ಬೀಸಿದ್ರ ರೊಟ್ಟಿ ಆಗ್ತಾವೇನ?” ಎಂದು ಅವಳು ಮರುಪ್ರಶ್ನೆ ಹಾಕಿದಳು.

ಅವಳು ಹೇಳಿದ್ದು ಅಕ್ಷರಶಃ ಸರಿ. ನಾವು ಪ್ಲಾಸ್ಟಿಕ್ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಹಲವು ಜಾತಿಗಳಿವೆ. ನೀರಿನ ಬಾಟಲಿ ‘ಪೆಟ್’. ಹಾಲಿನ ಪಾಕೀಟು, ಕ್ಯಾನು, ಬಕೆಟ್ಟುಗಳು ‘ಪಾಲಿಥೀನ್’ ಕುಲದವು. ಬಾಟಲಿಯ ಮುಚ್ಚಳ, ಡಬ್ಬಿಗಳು ಹೆಚ್ಚಾಗಿ ‘ಪಾಲಿಪ್ರೊಪಿಲೀನ್’ ಇಲ್ಲವೇ ಪಾಲಿಥೀನ್. ನೀರಿನ ಪೈಪು ‘ಪಿ.ವಿ.ಸಿ.’. ಪೆಟ್ ಕರಗಬೇಕಾದರೆ 250 ಡಿಗ್ರಿಗೂ ಮೇಲಿನ ಶಾಖ ಬೇಕು. ಅಷ್ಟು ಶಾಖ ಬರುವ ಮೊದಲೇ ಪಿ.ವಿ.ಸಿ. ಕೆಟ್ಟು, ಆಮ್ಲದ ಹೊಗೆ ಬಿಟ್ಟು, ಕರ್ರಗಾಗುತ್ತದೆ. ಪೆಟ್ ರಾಶಿಯಲ್ಲಿ ಪಿ.ವಿ.ಸಿ.ಯ ಚೂರು ಸ್ವಲ್ಪ ಸೇರಿದರೂ ಇಡೀ ಪಾಕ ಕೆಡುತ್ತದೆ. ಹಾಲಿನ ಪಾತ್ರೆಗೆ ಹುಳಿ ಹನಿ ಬಿದ್ದಂತೆ! ಹಸನು ಮಾಡದ ಮಾಲಿಗೆ ವ್ಯಾಪಾರಿ ಬೆಲೆ ಕಟ್ಟುವುದಿಲ್ಲ, ಕಟ್ಟಿದರೂ ಅತಿ ಕಡಿಮೆ. ಆರಿಸುವ ಹೆಣ್ಣುಮಗಳ ದಿನದ ಗಳಿಕೆ ಅವಳು ಎಷ್ಟು ತಪ್ಪಿಲ್ಲದೆ ಆರಿಸಿದಳು ಎಂಬುದರ ಮೇಲೆಯೇ ನಿಂತಿದೆ.

ಕಿವಿ, ಬೆರಳು ಮತ್ತು ಒಂದು ಬಕೆಟ್ ನೀರು

ಡಬ್ಬಿಯ ತಳದಲ್ಲಿ ಮೂರು ಬಾಣಗಳ ನಡುವೆ 1ರಿಂದ 7ರ ತನಕ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ದಿಮೆಯವರು ಶುರು ಮಾಡಿದ ಗುರುತು ಇದು. 1 ಎಂದರೆ ಪೆಟ್, 3 ಎಂದರೆ ಪಿ.ವಿ.ಸಿ., 5 ಎಂದರೆ ಪಾಲಿಪ್ರೊಪಿಲೀನ್. ಆದರೆ ಹೊಳೆಯಲ್ಲಿ ಉರುಳಿ, ಬಿಸಿಲಲ್ಲಿ ಬೆಂದು, ಚೂರಾಗಿ ಬಂದ ತುಂಡಿನ ಮೇಲೆ ಅಂಕಿ ಎಲ್ಲಿಂದ ಬರಬೇಕು?

ಅಲ್ಲಿ ಕೈಯೇ ಗುರು. ನೆಗೆಣ್ಣಿ ಒಂದು ಕ್ಯಾರಿಬ್ಯಾಗನ್ನು ಮುಷ್ಟಿಯಲ್ಲಿ ಹಿಚುಕಿ ಕಿವಿಯ ಹತ್ತಿರ ತಂದಳು. ಚರಚರ ಎಂದರೆ ಅದು ‘ಎಚ್.ಎಂ.’, ಸದ್ದಿಲ್ಲದೆ ಮೆತ್ತಗೆ ಮುದುಡಿದರೆ ‘ಎಲ್.ಡಿ.’. ಪಾರದರ್ಶಕ ಬಾಟಲಿ ಪೆಟ್ಟೋ ಪಿ.ವಿ.ಸಿ.ಯೋ ಎಂದು ಅನುಮಾನ ಬಂದರೆ ತಳ ನೋಡುತ್ತಾರೆ. ಪೆಟ್ ಬಾಟಲಿಯ ತಳದ ನಡುವೆ ಒಂದು ಚುಕ್ಕಿ ಇರುತ್ತದೆ, ಪಿ.ವಿ.ಸಿ. ಬಾಟಲಿಗೆ ಅಡ್ಡಗೆರೆಯ ಹೊಲಿಗೆ. ಮಡಚಿದರೆ ಪಿ.ವಿ.ಸಿ. ಮಡಿಕೆ ಬೆಳ್ಳಗಾಗುತ್ತದೆ. ಇಂಡಿಯ ಕಡೆ ಲಿಂಬೆ ಆರಿಸುವವರನ್ನು ನೋಡಿದ್ದೀರಾ? (2023ರಲ್ಲಿ ಇಂಡಿ ಲಿಂಬೆಗೆ ಜಿ.ಐ. ಮಾನ್ಯತೆ ಸಿಕ್ಕಿದ್ದು ನಮಗೆಲ್ಲ ಹೆಮ್ಮೆ.) ಹಣ್ಣು ಅಂಗೈಗೆ ಬಂದ ಕೂಡಲೇ ಅದು ಯಾವ ಬುಟ್ಟಿಗೆ ಎಂದು ಬೆರಳಿಗೇ ಗೊತ್ತು. ಅದೇ ವಿದ್ಯೆ ಇದು.

ಕೆಲವು ಕಡೆ ಚೂರಿಗೆ ಬೆಂಕಿ ತಾಗಿಸಿ ಹೊಗೆಯ ವಾಸನೆಯಿಂದ ಜಾತಿ ಹಿಡಿಯುತ್ತಾರಂತೆ. ಇದನ್ನು ಯಾರೂ ಮಾಡಬೇಡಿ, ಮಾಡಿಸಲೂ ಬೇಡಿ. ಪಿ.ವಿ.ಸಿ.ಯ ಹೊಗೆ ಶ್ವಾಸಕೋಶಕ್ಕೆ ವಿಷ. ಅದರ ಬದಲು ಒಂದು ಬಕೆಟ್ ನೀರು ಸಾಕು.

ಅಕ್ಕಿ ತೊಳೆಯುವಾಗ ನೀರಿನಲ್ಲಿ ಕದಡಿ ಬಗ್ಗಿಸಿದರೆ ಜೊಳ್ಳು ಮೇಲೆ ತೇಲಿ, ಹರಳು ತಳದಲ್ಲಿ ಉಳಿಯುತ್ತದಲ್ಲವೇ? ಪ್ಲಾಸ್ಟಿಕ್ಕಿನದೂ ಅದೇ ಲೆಕ್ಕ. ನೀರಿನ ತೂಕ 1 ಎಂದಿಟ್ಟುಕೊಂಡರೆ, ಅಷ್ಟೇ ಗಾತ್ರದ ಪಾಲಿಪ್ರೊಪಿಲೀನ್ ಸುಮಾರು 0.9, ಪಾಲಿಥೀನ್ 0.91ರಿಂದ 0.97. ಇವೆರಡೂ ತೇಲುತ್ತವೆ. ಪೆಟ್ 1.38, ಪಿ.ವಿ.ಸಿ.ಯೂ ಅದೇ ಆಸುಪಾಸು, ಇವು ಮುಳುಗುತ್ತವೆ. ಮನೆಯಲ್ಲೇ ಮಕ್ಕಳನ್ನು ಕರೆದು ಮಾಡಿ ತೋರಿಸಿ. ಖಾಲಿ ನೀರಿನ ಬಾಟಲಿಯನ್ನು ಕತ್ತರಿಯಿಂದ ಚೂರು ಮಾಡಿ, ಮುಚ್ಚಳವನ್ನೂ ತುಂಡರಿಸಿ, ಎಲ್ಲವನ್ನೂ ಬಕೆಟ್ಟಿಗೆ ಹಾಕಿ. ಚೂರುಗಳಿಗೆ ಗಾಳಿಯ ಗುಳ್ಳೆ ಅಂಟಿಕೊಂಡಿದ್ದರೆ ಮೋಸವಾಗುತ್ತದೆ, ಆದ್ದರಿಂದ ಒಂದು ಹನಿ ಸೋಪಿನ ನೀರು ಹಾಕಿ ಕೈಯಾಡಿಸಿ. ಮುಚ್ಚಳ ಮೇಲೆ, ಬಾಟಲಿ ಕೆಳಗೆ. ಈಗ ಇನ್ನೊಂದು ಪಾತ್ರೆಯಲ್ಲಿ ಬಟಾಟೆ ತೇಲುವಷ್ಟು ಉಪ್ಪು ಕರಗಿಸಿ, ಹಳೇ ಪಾರದರ್ಶಕ ಬಾಲ್‌ಪೆನ್ನಿನ ಹೊರಕೊಳವೆಯ ಚೂರು ಹಾಕಿ ನೋಡಿ. ಅಂಥ ಪೆನ್ನುಗಳು ಸಾಮಾನ್ಯವಾಗಿ ‘ಪಾಲಿಸ್ಟೈರೀನ್’. ಬರೀ ನೀರಿನಲ್ಲಿ ಮುಳುಗುವುದು ಉಪ್ಪುನೀರಿನಲ್ಲಿ ತೇಲುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಚೂರು ಮಾಡಿದ ಪ್ಲಾಸ್ಟಿಕ್ಕನ್ನು ತೊಟ್ಟಿಯಲ್ಲಿ ಹಾಯಿಸಿ ಬೇರ್ಪಡಿಸುವುದೂ ಇದೇ ತತ್ವದ ಮೇಲೆ. ಇದಕ್ಕಿಂತ ಅಗ್ಗದ ತಂತ್ರಜ್ಞಾನ ಬೇರೆ ಇದೆಯೇ?

ಆದರೆ ಪೆಟ್ ಮತ್ತು ಪಿ.ವಿ.ಸಿ. ಎರಡೂ ಮುಳುಗುತ್ತವೆ. ಯಾವುದು ಜೊತೆಯಾಗಬಾರದೋ ಅವೇ ಒಟ್ಟಿಗೆ ತಳ ಸೇರುತ್ತವೆ! ಬಕೆಟ್ಟಿನ ಆಟ ಅಲ್ಲಿಗೆ ಮುಗಿಯಿತು. ಮುಂದೆ ಯಂತ್ರದ ಕಣ್ಣು ಬೇಕಾಗುತ್ತದೆ.

ಯಂತ್ರದ ಕಣ್ಣು

ಅಂಗಡಿಯಲ್ಲಿ ‘ಸಾರ್ಟೆಕ್ಸ್’ ಅಕ್ಕಿ, ಸಾರ್ಟೆಕ್ಸ್ ಬೇಳೆ ಎಂದು ಕೇಳಿರುತ್ತೀರಿ. ತೊಗರಿ ಬೆಳೆಯುವ ನಮ್ಮ ಸೀಮೆಯಲ್ಲಿ ಆ ಹೆಸರು ಹೊಸದಲ್ಲ. ಬೇಳೆ ಇಳಿಜಾರಿನಲ್ಲಿ ಜಾರಿ ಬೀಳುವಾಗ ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ. ಬಣ್ಣ ಕೆಟ್ಟ ಕಾಳು ಕಂಡೊಡನೆ ಗಾಳಿಯ ಸಣ್ಣ ಪಿಚಕಾರಿ ಅದನ್ನು ಆಚೆಗೆ ಊದುತ್ತದೆ. ಪ್ಲಾಸ್ಟಿಕ್ ಬೇರ್ಪಡಿಸುವ ದೊಡ್ಡ ಯಂತ್ರಗಳೂ ಇದರ ತಂಗಿಯರೇ. ವ್ಯತ್ಯಾಸವೆಂದರೆ ಅವು ನೋಡುವುದು ಬರೀ ಬಣ್ಣವನ್ನಲ್ಲ. ನಮ್ಮ ಕಣ್ಣಿಗೆ ಕಾಣದ, ಕೆಂಪಿಗಿಂತ ಆಚೆಗಿನ ಬೆಳಕು ಒಂದಿದೆ, ಅದಕ್ಕೆ ಅವಕೆಂಪು ಎನ್ನುತ್ತಾರೆ. ಆ ಬೆಳಕು ಬಿದ್ದಾಗ ಪೆಟ್ ಒಂದು ಭಾಗವನ್ನು ಹೀರಿಕೊಂಡರೆ ಪಿ.ವಿ.ಸಿ. ಬೇರೊಂದು ಭಾಗವನ್ನು ಹೀರುತ್ತದೆ. ಮರಳಿ ಬಂದ ಬೆಳಕನ್ನು ಅಳೆದು ಯಂತ್ರ ಜಾತಿ ಹೇಳುತ್ತದೆ. ಕೈಯಿಂದ ಆರಿಸುವವರು ಒಂದು ಬಾಟಲಿ ನೋಡಿ ಮುಗಿಸುವುದರಲ್ಲಿ ಅದು ಹತ್ತಾರು ನೋಡಿ ಮುಗಿಸಿರುತ್ತದೆ.

ಆಹಾ, ಹಾಗಾದರೆ ಕೈಗೆ ಬಿಡುವು ಸಿಕ್ಕಿತು ಎನ್ನಬೇಡಿ. ಈ ಕಣ್ಣಿಗೂ ಪೊರೆ ಇದೆ. ಕಪ್ಪು ಬಣ್ಣದ ಪ್ಲಾಸ್ಟಿಕ್ಕಿಗೆ ಹಾಕುವ ಇಂಗಾಲದ ಮಸಿ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಯಂತ್ರಕ್ಕೆ ಏನೂ ಕಾಣುವುದಿಲ್ಲ. ಕೆಸರು, ನೀರು, ಪಾಚಿ ಮೆತ್ತಿದ್ದರೂ ಗಲಿಬಿಲಿ. ಬಾಟಲಿಗೆ ಮೈತುಂಬ ಬೇರೆ ಜಾತಿಯ ಚೀಟಿ ಸುತ್ತಿದ್ದರೆ ಅದು ಚೀಟಿಯ ಜಾತಿ ಹೇಳುತ್ತದೆಯೇ ಹೊರತು ಬಾಟಲಿಯದನ್ನಲ್ಲ. ಹೊಳೆ, ಸಮುದ್ರದಿಂದ ಬಂದ ಕಸ ಎಂದರೆ ಕೆಸರು, ನೀರು, ಪಾಚಿಯೇ ಅಲ್ಲವೇ! ಮೇಲಾಗಿ ಇಂಥ ಯಂತ್ರಕ್ಕೆ ಹೊಟ್ಟೆ ದೊಡ್ಡದು. ಗಂಟೆಗೆ ಟನ್ನುಗಟ್ಟಲೆ ಸುರಿದರೆ ಮಾತ್ರ ಅದರ ಖರ್ಚು ಹುಟ್ಟುತ್ತದೆ. ದಿನಕ್ಕೆ ನಾಲ್ಕು ಚೀಲ ತುಂಬುವ ನಮ್ಮ ಹಳ್ಳಿಯ ಶೆಡ್ಡಿಗೆ ಅದು ಇರುವೆಯ ಮದುವೆಗೆ ಆನೆ ತಂದಂತೆ.

ನನಗೆ ಹೆಚ್ಚು ಹಿಡಿಸಿದ್ದು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದ ವಿಚಾರ. ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಓದಿದ ಜೆರಿ ಡಿ ವೋಸ್ ಎಂಬ ಯುವಕ ‘ಪ್ಲಾಸ್ಟಿಕ್ ಸ್ಕ್ಯಾನರ್’ ಎಂಬುದನ್ನು ಮಾಡಿ 2021ರಲ್ಲಿ ಜೇಮ್ಸ್ ಡೈಸನ್ ಪ್ರಶಸ್ತಿ ಪಡೆದ. ದುಬಾರಿ ಭಾಗಗಳ ಬದಲು ಅವಕೆಂಪು ಬೆಳಕಿನ ಸಣ್ಣ ಸಣ್ಣ ದೀಪಗಳನ್ನು ಬಳಸಿ, ಚೂರಿಗೆ ತಾಗಿಸಿದರೆ ಜಾತಿ ತಿಳಿಸುವ ಸಾಧನ. ಬೇಕಾದವರು ತಾವೂ ಮಾಡಿಕೊಳ್ಳಲೆಂದು ಅದರ ನಕ್ಷೆಯನ್ನು ಬಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾನೆ. ಆರಿಸುವವಳ ಕೈಯನ್ನು ತೆಗೆಯದೆ, ಅವಳಿಗೆ ಅನುಮಾನ ಬಂದಾಗ ಮಾತ್ರ ಕೇಳುವಂಥ ಯಂತ್ರ ಇದು. ಚೊಚ್ಚಲ ಬಾಣಂತಿ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದ ಹಾಗೆ.

ಸಮುದ್ರದಿಂದ ಮೇಲೆ ಬಂದದ್ದು

ಸಮುದ್ರದ ಕಸಕ್ಕೆ ಇನ್ನೂ ಕೆಲವು ತೊಡಕುಗಳಿವೆ. ಬಿಸಿಲು, ಉಪ್ಪು ತಿಂದು ಪ್ಲಾಸ್ಟಿಕ್ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಚಿಪ್ಪಿನ ಹುಳುಗಳು ಅಂಟಿ ಬೆಳೆದರೆ ತೇಲಬೇಕಾದದ್ದೂ ಮುಳುಗುತ್ತದೆ. ತೊಳೆದು ಕೆರೆಯುವ ತನಕ ನೀರಿನ ಪರೀಕ್ಷೆಯೂ ಸುಳ್ಳು ಹೇಳುತ್ತದೆ. ಪೆಸಿಫಿಕ್ ಮಹಾಸಾಗರದ ನಡುವೆ ತೇಲುವ ದೊಡ್ಡ ಕಸದ ಹರವನ್ನು ಅಳೆದವರು 2018ರಲ್ಲಿ ಪ್ರಕಟಿಸಿದ ಪ್ರಕಾರ ಅಲ್ಲಿ ಕನಿಷ್ಠ 79 ಸಾವಿರ ಟನ್ ಪ್ಲಾಸ್ಟಿಕ್ಕಿದೆ, ತೂಕದಲ್ಲಿ ಅದರ 46 ಪಾಲು ಮೀನಿನ ಬಲೆಗಳೇ. ಬಲೆಯಲ್ಲಿ ನೈಲಾನ್ ಒಂದು ಜಾತಿ, ಪಾಲಿಥೀನ್ ಇನ್ನೊಂದು, ಹಗ್ಗ ಮತ್ತೊಂದು. ಜಡೆ ಸಿಕ್ಕು ಬಿದ್ದಂತೆ ಬಿದ್ದ ಈ ಗಂಟನ್ನು ಬಿಡಿಸಿ, ಕತ್ತರಿಸಿ, ಬೇರೆ ಮಾಡಲು ಕೈಯೇ ಬೇಕು.

ಕೇರಳದ ಕೊಲ್ಲಂ ಬಂದರಿನಲ್ಲಿ 2017ರಲ್ಲಿ ‘ಶುಚಿತ್ವ ಸಾಗರಂ’ ಎಂಬ ಕಾರ್ಯ ಶುರುವಾಯಿತು. ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಮೀನುಗಾರರು ಮರಳಿ ಸಮುದ್ರಕ್ಕೆ ಎಸೆಯದೆ ಚೀಲದಲ್ಲಿ ದಡಕ್ಕೆ ತರಬೇಕು. ದಡದಲ್ಲಿ ಹೆಣ್ಣುಮಕ್ಕಳು ತೊಳೆದು, ಆರಿಸಿ, ಒಣಗಿಸಿ, ಚೂರು ಮಾಡುವ ಯಂತ್ರಕ್ಕೆ ಹಾಕಬೇಕು. ಮರುಬಳಕೆಗೆ ಬಾರದಷ್ಟು ಕೆಟ್ಟ ಚೂರುಗಳು ರಸ್ತೆಯ ಡಾಂಬರಿಗೆ ಹೋದವು. (ಡಾಂಬರಿಗೆ ಪ್ಲಾಸ್ಟಿಕ್ ಬೆರೆಸುವ ವಿಧಾನ ಕಂಡುಹಿಡಿದ ಮದುರೆಯ ಪ್ರೊಫೆಸರ್ ರಾಜಗೋಪಾಲನ್ ವಾಸುದೇವನ್ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.) ಅಲ್ಲಿ ಯಂತ್ರ ಚೂರು ಮಾಡಿತು, ಆಯ್ಕೆ ಮಾಡಿದ್ದು ಕೈ.

ನಮ್ಮ ಕರ್ನಾಟಕದಲ್ಲಿ ಸಮುದ್ರ ಸೇರುವ ಮೊದಲೇ ತಡೆಯುವ ಕೆಲಸ ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ನಡೆದಿದೆ. ಹಲವಾರು ಪಂಚಾಯಿತಿಗಳ ಒಣಕಸ ಒಂದೇ ಘಟಕಕ್ಕೆ ಬರುತ್ತದೆ. ಅಲ್ಲಿ ಕಸ ಚಲಿಸುವ ಪಟ್ಟಿಯ ಮೇಲೆ ಬರುತ್ತದೆ, ಆರಿಸುವವರು ಅದರ ಎರಡೂ ಬದಿಗೆ ನಿಂತು ತಮ್ಮ ತಮ್ಮ ಜಾತಿಯದನ್ನು ಎತ್ತಿಕೊಳ್ಳುತ್ತಾರೆ. ಒಂದೊಂದು ಹಳ್ಳಿಗೂ ದೊಡ್ಡ ಯಂತ್ರ ತರಲಾಗದು, ಹತ್ತಾರು ಹಳ್ಳಿ ಕೂಡಿದರೆ ತರಬಹುದು ಎಂಬುದೇ ಇದರ ಲೆಕ್ಕ. ನಮ್ಮ ನಾಲ್ಕು ತಾಲೂಕುಗಳೂ ಹಾಗೆ ಕೂಡಬಾರದೇಕೆ? ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ 2011ರಿಂದ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತು. ‘ಹಸಿರು ದಳ’ದ ಜೊತೆಗೂಡಿದ ಎಷ್ಟೋ ಆಯುವವರು ಈಗ ತಾವೇ ಒಣಕಸ ಕೇಂದ್ರ ನಡೆಸುತ್ತಾರೆ. ಅವರನ್ನು ಅಲ್ಲಿಗೆ ಮುಟ್ಟಿಸಿದ ಬಂಡವಾಳ ಯಂತ್ರವಲ್ಲ, ಬೆರಳ ತುದಿಯ ವಿದ್ಯೆ.

ಮೊದಲು ಬೇಕಾದದ್ದು

ಒಂದೂರಿನಲ್ಲಿ (ಹೆಸರು ಬೇಡ) ಪ್ಲಾಸ್ಟಿಕ್ ಒತ್ತಿ ಪೆಂಡಿ ಕಟ್ಟುವ ಯಂತ್ರ ತಂದಿಟ್ಟರು. ಅದಕ್ಕೆ ತ್ರೀಫೇಸ್ ಕರೆಂಟು ಬೇಕು. ಕರೆಂಟು ಇದ್ದಾಗ ಹೆಣ್ಣುಮಕ್ಕಳು ಇರುವುದಿಲ್ಲ, ಅವರು ಇದ್ದಾಗ ಕರೆಂಟು ಇರುವುದಿಲ್ಲ. ಯಂತ್ರದ ಮೇಲೆ ಈಗ ಖಾಲಿ ಚೀಲ ಒಣಹಾಕುತ್ತಾರೆ. ಅದೇ ಶೆಡ್ಡಿನಲ್ಲಿ ಕೈಗವಸು ಹರಿದು ಮೂರು ತಿಂಗಳಾಗಿತ್ತು.

ನೆಗೆಣ್ಣಿಯನ್ನೇ ಕೇಳಿದೆ, ನಿನಗೆ ಯಾವ ಯಂತ್ರ ಬೇಕು ಎಂದು. “ಯಕ್ಕಾ, ಕಸಾ ನೋಡಿದ್ರ ನನಗ ಹೇಸಿಕಿ ಬರೂದಿಲ್ಲ. ಸೂಜಿ ನೋಡಿದ್ರ ಎದಿ ಝಲ್ ಅಂತೈತಿ” ಎಂದಳು. ಒಮ್ಮೆ ಯಾರದೋ ಮನೆಯ ಇಂಜೆಕ್ಷನ್ ಸೂಜಿ ಅವಳ ಹೆಬ್ಬೆರಳಿಗೆ ಚುಚ್ಚಿತ್ತು. ರಕ್ತ ಪರೀಕ್ಷೆಯ ಫಲಿತಾಂಶ ಬರುವ ತನಕ ಅವಳು ಮಗುವಿಗೆ ತುತ್ತು ತಿನ್ನಿಸಲೂ ಹೆದರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫಲಿತಾಂಶ ಒಳ್ಳೆಯದೇ ಬಂತು, ದೇವರು ದೊಡ್ಡವನು. ಆ ಸೂಜಿಯನ್ನು ಕಸಕ್ಕೆ ಹಾಕಿದವಳೂ ನನ್ನಂಥ ಒಬ್ಬ ಗೃಹಿಣಿಯೇ ಇರಬೇಕು ಎಂಬುದು ನನ್ನ ತಲೆಯಿಂದ ಹೋಗಲೊಲ್ಲದು.

ಹಾಗಾಗಿ ಸೋದರಿಯರೇ, ಸೂಜಿ, ಬ್ಲೇಡು, ಒಡೆದ ಗಾಜನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಹಾಕಿ, ಮೇಲೆ ಕೆಂಪು ಗುರುತು ಮಾಡಿ ಬೇರೆಯಾಗಿ ಕೈಗೆ ಕೊಡಿ. ಮುಟ್ಟಿನ ಪ್ಯಾಡು, ಮಕ್ಕಳ ಡೈಪರನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕ ಕೊಡಿ. ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಅರ್ಧ ಕೊಯ್ದು ಅಂಟಿಕೊಂಡೇ ಬಿಡಿ. ಆ ಸಣ್ಣ ಮೂಲೆಯನ್ನು ಯಾವ ಕೈಯೂ, ಯಾವ ಯಂತ್ರವೂ ಆರಿಸಲಾರದು, ಅದು ಸೀದಾ ಗಟಾರ ಹಿಡಿದು ಹಳ್ಳಕ್ಕೆ ಹೋಗುತ್ತದೆ. ಪಾಕೀಟನ್ನು ಪಾತ್ರೆ ತೊಳೆದ ನೀರಿನಲ್ಲೇ ಒಮ್ಮೆ ಜಾಲಿಸಿ ಒಣಗಿಸಿದರೆ ಸಾಕು, ಹೊಸ ನೀರು ಬೇಡ. ಚಿಪ್ಸಿನ ಪಾಕೀಟಿನಲ್ಲಿ ಪ್ಲಾಸ್ಟಿಕ್ಕಿಗೆ ಲೋಹದ ಪದರ ಅಂಟಿರುವುದರಿಂದ ಅದನ್ನು ಬೇರ್ಪಡಿಸಿ ಮತ್ತೆ ಬಳಸುವುದು ಕಷ್ಟ. ಅಂಥದನ್ನು ಸಿಮೆಂಟ್ ಕಾರ್ಖಾನೆಯ ಭಟ್ಟಿಗೆ ಉರುವಲಾಗಿ ಕಳಿಸುತ್ತಾರೆ. ಸಂಕ್ರಮಣದ ಬುತ್ತಿಗೆ ಅದನ್ನು ಕಟ್ಟದಿದ್ದರೆ ಮಕ್ಕಳೇನೂ ಸೊರಗುವುದಿಲ್ಲ. ಮಾದ್ಲಿ ಇದೆಯಲ್ಲ!

ಸೂಜಿಯ ಘಟನೆಯ ನಂತರ ಸಂಘದವರು ಸೇರಿ ಮೊದಲು ದಪ್ಪ ಕೈಗವಸು ತಂದರು. ಆಮೇಲೆ ನೆಲದ ಮೇಲೆ ಕುಳಿತು ಬಾಗಿ ಬಾಗಿ ಬೆನ್ನು ಹೋಗುತ್ತದೆಂದು ಒಂದು ಮೇಜು ಮಾಡಿಸಲು ಹೊರಟರು. ಮೇಲ್ಭಾಗಕ್ಕೆ ಹಲಗೆಯ ಬದಲು ಕಬ್ಬಿಣದ ಜಾಳಿಗೆ. ಸಾಣಿಗೆಯಲ್ಲಿ ಹಿಟ್ಟು ಇಳಿದಂತೆ ಉಸುಕು, ಮಣ್ಣು ಕೆಳಗೆ ಬೀಳಬೇಕು. ಚೂಪಾದದ್ದು ಮೇಲೆ ಕಣ್ಣಿಗೆ ಕಾಣಬೇಕು. ಇದು ನೆಗೆಣ್ಣಿಯದೇ ಯೋಚನೆ. ವೆಲ್ಡಿಂಗ್ ಅಂಗಡಿಯವನು ಟೇಪು ಹಿಡಿದು, “ಎತ್ತರ ಎಷ್ಟ ಇಡಬೇಕ್ರಿ ಅಕ್ಕಾರ?” ಎಂದು ಕೇಳಿದ. ಅವಳು ಫೂಟು, ಇಂಚು ಹೇಳಲಿಲ್ಲ. ಎದ್ದು ನಿಂತು, ತನ್ನ ಸೊಂಟದ ಮೇಲೆ ಕೈಯಿಟ್ಟು, “ಇಲ್ಲಿ ತನಕ” ಎಂದಳು.